ನಾಟಕ ಮೊದಲೋ ಊಟ ಮೊದಲೋ: ಅಪ್ಪನ ಜೊತೆಗೆ ಬೆಂಗಳೂರು, ಮೈಸೂರು, ಮುಂಬೈ

ಅಪ್ಪನಿಗೆ ಈಗ 78 ವರ್ಷ. ಪ್ರೌಢಶಾಲೆಯ ಮೇಷ್ಟರಾಗಿ ನಿವೃತ್ತರಾದವರು. ಒಂದು ಮಂಡಿಯನ್ನು ಬದಲಾಯಿಸಿಕೊಂಡಿದ್ದಾರೆ, ಇನ್ನೊಂದನ್ನು ಬದಲಾಯಿಸಲು ಒಪ್ಪುತ್ತಿಲ್ಲ. ಎಡಗಿವಿಗೆ ಶ್ರವಣಯಂತ್ರ, ಬಾಯಲ್ಲಿ ಕಟ್ಟಿಸಿದ ಹಲ್ಲು, ಜೊತೆಗೆ ಸಕ್ಕರೆ ಕಾಯಿಲೆ. ರಾತ್ರಿ ಏಳೂವರೆಗೆ ಊಟ ಆಗಲೇಬೇಕು. ಇಷ್ಟೆಲ್ಲ ಇದ್ದರೂ ನಾಟಕ ಎಂಬ ಮಾತು ಬಿದ್ದರೆ ಸಾಕು, ಯಂತ್ರವಿಲ್ಲದ ಕಿವಿಗೂ ಕೇಳಿಸುತ್ತದೆ, ಚಪ್ಪಲಿ ಹುಡುಕಲು ಎದ್ದುಬಿಡುತ್ತಾರೆ. ಹುಡುಗನಾಗಿದ್ದಾಗ ಊರೂರು ತಿರುಗುತ್ತಿದ್ದ ಕಂಪನಿ ನಾಟಕಗಳನ್ನು ನೆಲದ ಮೇಲೆ ಕೂತು ನೋಡಿದವರು ಅವರು. ಅಮ್ಮ ಬರುವುದಿಲ್ಲ. ಅವಳಿಗೆ ನಾಟಕ ಎಂದರೆ ನಿದ್ದೆ, ಹೋಟೆಲು ಎಂದರೆ ಸೋಡಾ ಹಾಕಿದ ಅನ್ನ.

ನಾಲ್ಕು ವರ್ಷಗಳ ಹಿಂದೆ ಮೊದಲ ಸಲ ಅವರನ್ನು ಶಿವಮೊಗ್ಗದಿಂದ ಹೊರಡಿಸಿಕೊಂಡು ದೊಡ್ಡ ಊರಿಗೆ ಹೋದಾಗ ನಾನು ನಾಟಕವನ್ನು ಮಾತ್ರ ಆರಿಸಿದ್ದೆ, ಉಳಿದದ್ದೆಲ್ಲ ತಾನಾಗಿ ಆಗುತ್ತದೆ ಅಂದುಕೊಂಡಿದ್ದೆ. ಪ್ರದರ್ಶನ ಏಳೂವರೆಗೆ. ಆರು ಗಂಟೆಗೆ ಹೆಸರುವಾಸಿಯಾದ ಒಂದು ಹೋಟೆಲಿನ ಮುಂದೆ ನಿಂತೆವು. ಮುಕ್ಕಾಲು ಗಂಟೆ ನಿಂತೇ ಇದ್ದೆವು, ಏಕೆಂದರೆ ಕಾಯುವವರಿಗೆ ಅಲ್ಲಿ ಕುರ್ಚಿಯಿರಲಿಲ್ಲ. ದೋಸೆ ಬಂದಾಗ ಏಳು. ಅರ್ಧ ತಿಂದು ಆಟೋ ಹತ್ತಿ ರಂಗಮಂದಿರ ಮುಟ್ಟುವಷ್ಟರಲ್ಲಿ ಏಳು ಮೂವತ್ತೆಂಟು. ಬಾಗಿಲು ಹಾಕಿಯಾಗಿತ್ತು. ಬಾಗಿಲಲ್ಲಿದ್ದ ಹುಡುಗನ ಜೊತೆ ನಾನು ವಾದಕ್ಕೆ ಇಳಿದೆ. ಅಪ್ಪ ನನ್ನ ತೋಳು ಹಿಡಿದು, "ಬಾ ಪುಟ್ಟೀ, ಅವನು ಮಾಡಿದ್ದೇ ಸರಿ. ನಾಟಕ ಶುರುವಾದ ಮೇಲೆ ಒಳಗೆ ಬಿಡುವವನು ನಾಟಕದವನೇ ಅಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ದೋಸೆಯನ್ನಾದರೂ ಪೂರ್ತಿ ತಿನ್ನಬಹುದಿತ್ತು" ಎಂದು ಸೇರಿಸಿದರು.

ಆ ಅರ್ಧ ದೋಸೆಯಿಂದ ನಾನು ಕಲಿತದ್ದು ಇಷ್ಟು: ವಯಸ್ಸಾದವರನ್ನು ನಾಟಕಕ್ಕೂ ಊಟಕ್ಕೂ ಕರೆದುಕೊಂಡು ಹೋಗುವಾಗ ಯಾವ ನಾಟಕ, ಯಾವ ಹೋಟೆಲು ಎಂಬುದು ಆಮೇಲಿನ ಪ್ರಶ್ನೆ. ರಂಗಮಂದಿರದ ಕುರ್ಚಿಯಿಂದ ಊಟದ ಕುರ್ಚಿಗೆ ಎಷ್ಟು ಹೊತ್ತು, ನಡುವೆ ಎಷ್ಟು ಮೆಟ್ಟಿಲು ಎಂಬುದು ಮೊದಲಿನದು. ನಾಟಕ ಶುರುವಾಗುವ ಹೊತ್ತು ಮತ್ತು ನಿಮ್ಮ ಹಿರಿಯರು ಉಣ್ಣುವ ಹೊತ್ತು ಒಂದೇ ಆಗಿರುವುದು ನಮ್ಮ ನಗರಗಳ ಶಾಪ. ಈ ಗಂಟನ್ನು ಒಂದೊಂದು ಊರು ಒಂದೊಂದು ರೀತಿ ಬಿಡಿಸುತ್ತದೆ, ಕೆಲವು ಬಿಡಿಸುವುದೇ ಇಲ್ಲ. ಆ ಲೆಕ್ಕದಲ್ಲೇ ಇಲ್ಲಿ ಮೂರು ಊರುಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ, ನಾಲ್ಕನೆಯದನ್ನು ಅಂಚಿನಲ್ಲಿ.

ಬೆಂಗಳೂರು

ಆಯ್ಕೆ ಹೆಚ್ಚು ಬೇಕೆಂದರೆ ಬೆಂಗಳೂರು. ಕನ್ನಡ ನಾಟಕವೇ ಬೇಕು, ಈ ಶನಿವಾರವೇ ಬೇಕು ಎಂದು ಹಟ ಹಿಡಿದರೂ ಎಲ್ಲಾದರೊಂದು ಕಡೆ ಸಿಗುತ್ತದೆ. ಆದರೆ ಬೆಂಗಳೂರು ಎಂದರೆ ಒಂದು ಊರಲ್ಲ, ಟ್ರಾಫಿಕ್ಕಿನಿಂದ ಬೇರೆಯಾದ ಹತ್ತು ಊರುಗಳು. ಹಾಗಾಗಿ ಇಲ್ಲಿ ಆರಿಸಬೇಕಾದದ್ದು ಬಡಾವಣೆಯನ್ನು.

ಜೆ.ಪಿ. ನಗರದ ರಂಗಶಂಕರ ರಂಗಮಂದಿರ ನಟ ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಗೆಳೆಯರು ಕಟ್ಟಿದ್ದು, 2004ರಲ್ಲಿ ತೆರೆಯಿತು. ಸುಮಾರು 320 ಸೀಟು. ವಯಸ್ಸಾದವರ ಕಣ್ಣಿನಿಂದ ನೋಡಿದರೆ ಇದರ ದೊಡ್ಡ ಗುಣ ಗಾತ್ರವೇ. ನಟ ಹತ್ತಿರವಿರುತ್ತಾನೆ, ಮುಖ ಕಾಣುತ್ತದೆ, ಮೈಕಿನಲ್ಲಿ ಕರಗಿಹೋಗದ ಮಾತು ನೇರವಾಗಿ ಕಿವಿಗೆ ಬರುತ್ತದೆ. ಶ್ರವಣಯಂತ್ರ ಹಾಕುವವರಿಗೆ ದೊಡ್ಡ ಸಭಾಂಗಣದ ಧ್ವನಿವರ್ಧಕಕ್ಕಿಂತ ಚಿಕ್ಕ ರಂಗಮಂದಿರದ ಬರಿಯ ಗಂಟಲು ಎಷ್ಟೋ ಮೇಲು. ಅಪ್ಪ ಹೇಳುವಂತೆ, ಮೈಕು ಎಲ್ಲರ ದನಿಯನ್ನೂ ರೈಲು ನಿಲ್ದಾಣದ ಪ್ರಕಟಣೆ ಮಾಡಿಬಿಡುತ್ತದೆ. ಕಷ್ಟವಿರುವುದು ಸೀಟಿನ ಸಾಲುಗಳಲ್ಲಿ. ಅವು ಕಡಿದಾಗಿ ಮೆಟ್ಟಿಲು ಮೆಟ್ಟಿಲಾಗಿವೆ. ಟಿಕೆಟ್ ಕೊಳ್ಳುವಾಗಲೇ ಮಂಡಿನೋವಿನವರು ಬರುತ್ತಾರೆ ಎಂದು ತಿಳಿಸಿ, ಯಾವ ಬಾಗಿಲಿನಿಂದ ಹೋದರೆ ಮೆಟ್ಟಿಲು ಕಡಿಮೆ ಎಂದು ಕೇಳಿಕೊಳ್ಳಿ. ಹೊತ್ತಿನ ವಿಷಯದಲ್ಲಿ ಅಲ್ಲಿ ರಿಯಾಯಿತಿಯಿಲ್ಲ, ತಡವಾದರೆ ಬಾಗಿಲು ತೆರೆಯುವುದಿಲ್ಲ. ಸೋಮವಾರ ರಜೆ.

ಏಳೂವರೆಯ ಗಂಟು ಇಲ್ಲಿ ಬಿಚ್ಚಿಕೊಳ್ಳುವುದು ವಾರಾಂತ್ಯದಲ್ಲಿ. ಶನಿವಾರ, ಭಾನುವಾರಗಳಲ್ಲಿ ಸಂಜೆ ಏಳೂವರೆಯ ಜೊತೆಗೆ ಮಧ್ಯಾಹ್ನ ಮೂರೂವರೆಗೂ ಪ್ರದರ್ಶನ ಇಡುವ ರೂಢಿಯಿದೆ. ಮೂರೂವರೆಯ ಆಟವನ್ನೇ ಹಿಡಿಯಿರಿ. ಹನ್ನೆರಡೂವರೆಗೆ ಊಟ, ಒಂದು ಸಣ್ಣ ನಿದ್ದೆ, ಮೂರಕ್ಕೆ ರಂಗಮಂದಿರ, ಐದೂವರೆಗೆ ಹೊರಗೆ, ಅಲ್ಲಿನ ಕೆಫೆಯಲ್ಲೇ ಕಾಫಿ, ಏಳಕ್ಕೆ ಜಯನಗರದ ಕಡೆ ಎಲ್ಲಾದರೂ ಕೂತು ಊಟ. ಎಂಟೂವರೆಗೆ ಅಪ್ಪ ಕೋಣೆಯಲ್ಲಿ ಮಲಗಿ ನಾಯಕನ ಪಾತ್ರ ಮಾಡಿದವನ ತಪ್ಪುಗಳನ್ನು ಎಣಿಸುತ್ತಿರುತ್ತಾರೆ. ನಾನು ನೋಡಿದಂತೆ ಹಿರಿಯರ ಜೊತೆ ನಾಟಕಕ್ಕೆ ಹೋಗಲು ಇಡೀ ಕರ್ನಾಟಕದಲ್ಲಿ ಇಷ್ಟು ಹದವಾದ ಹೊತ್ತು ಬೇರೆ ಇಲ್ಲ. ಮಧ್ಯಾಹ್ನದ ಆಟಕ್ಕೆ ಜನ ಕಡಿಮೆ, ನಟರಲ್ಲಿ ಹುರುಪೂ ಕಡಿಮೆ ಎಂದು ಕೆಲವರು ಗೊಣಗುತ್ತಾರೆ. ಇರಬಹುದು. ಅರೆನಿದ್ದೆಯಲ್ಲಿ ನೋಡುವ ರಾತ್ರಿ ಆಟಕ್ಕಿಂತ ಎಚ್ಚರವಾಗಿ ನೋಡುವ ಮಧ್ಯಾಹ್ನದ ಆಟ ಲೇಸು.

ರಂಗಮಂದಿರಗಳ ಎರಡನೆಯ ಗುಂಪು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಸುತ್ತ ಇದೆ. ರವೀಂದ್ರನಾಥ ಟ್ಯಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿ 1963ರಲ್ಲಿ ತೆರೆದ ಈ ಕಟ್ಟಡದೊಂದಿಗೆ ನಿಮ್ಮ ತಂದೆತಾಯಿಯರಿಗೆ ಹಳೆಯ ನಂಟೇನಾದರೂ ಇದ್ದರೆ ಬೇರೆ ಲೆಕ್ಕ ಹಾಕಬೇಡಿ, ಇಲ್ಲಿಗೇ ಬನ್ನಿ. ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದ ಕನ್ನಡ ಭವನದಲ್ಲಿ ನಯನ ಸಭಾಂಗಣ. ಮುಖ್ಯ ಸಭಾಂಗಣ ದೊಡ್ಡದು, ಆದ್ದರಿಂದ ಮುಂದಿನ ಸಾಲುಗಳಲ್ಲಿ ಕೂತರಷ್ಟೇ ಮಾತು ಸಿಗುತ್ತದೆ. ಬಯಲು ರಂಗಮಂದಿರಕ್ಕೆ ಒಂದು ದಿಂಬು, ಒಂದು ಶಾಲು ಒಯ್ಯಿರಿ. ಕಲ್ಲಿನ ಮೆಟ್ಟಿಲ ಮೇಲೆ ಎರಡು ಗಂಟೆ ಕೂರುವುದು ಮೂವತ್ತರ ಸೊಂಟಕ್ಕೂ ಸುಖವಲ್ಲ. ಇಲ್ಲಿ ಕಾರ್ಯಕ್ರಮದ ಮುಂಚೆ ಸಭೆ, ಸನ್ಮಾನ, ಭಾಷಣ ಸೇರಿಕೊಳ್ಳುವ ಅಪಾಯವಿದೆ. ಆಹ್ವಾನಪತ್ರಿಕೆಯಲ್ಲಿ ಅತಿಥಿಗಳ ಹೆಸರು ಆರಕ್ಕಿಂತ ಹೆಚ್ಚಿದ್ದರೆ ನಾಟಕ ಒಂದು ಗಂಟೆ ತಡ ಎಂದು ನಾನು ಎಣಿಸಿಕೊಳ್ಳುತ್ತೇನೆ.

ಗಾಂಧಿಬಜಾರಿಗೆ ಹತ್ತಿರದ ಹನುಮಂತನಗರದ ಕೆ.ಎಚ್. ಕಲಾಸೌಧದಲ್ಲಿಯೂ ಕನ್ನಡ ನಾಟಕಗಳು ಮೇಲಿಂದ ಮೇಲೆ ನಡೆಯುತ್ತವೆ. ಬಸವನಗುಡಿಯಲ್ಲಿ ಕೋಣೆ ಹಿಡಿದವರಿಗೆ ಇದು ತೀರ ಅನುಕೂಲ. ಮಲ್ಲೇಶ್ವರದ ಕಡೆಯ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದ ಕಟ್ಟಡ. ನೋಡಲು ಚೆಂದ, ಸಂಗೀತಕ್ಕೆ ಚೆಂದ, ನಾಟಕಕ್ಕೆ ದೊಡ್ಡದಾಯಿತು.

ಇನ್ನು ತಿನ್ನುವುದು. ಬೆಂಗಳೂರಿನ ಹೆಸರಾಂತ ತಿಂಡಿಯಲ್ಲಿ ಅರ್ಧ ನಿಂತು ತಿನ್ನುವಂಥದ್ದು ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹರಡಿದ ದರ್ಶಿನಿ ಪದ್ಧತಿಯ ಗುಟ್ಟೇ ಕುರ್ಚಿ ಇಲ್ಲದಿರುವುದು. ಅದಕ್ಕಿಂತ ಹಳೆಯ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲೂ ಮಲ್ಲೇಶ್ವರದ ವೀಣಾ ಸ್ಟೋರ್ಸ್‌ನಲ್ಲೂ ಇಡ್ಲಿ ಹಿಡಿದು ರಸ್ತೆಬದಿಯಲ್ಲಿ ನಿಲ್ಲಬೇಕು. ಇಡ್ಲಿ ಅಮೃತ, ಮಂಡಿಗೆ ಮಾತ್ರ ಶಿಕ್ಷೆ. ಕಾರಿನಲ್ಲಿ ಕೂರಿಸಿ ತಟ್ಟೆಯನ್ನು ಅಲ್ಲಿಗೇ ಒಯ್ದರೆ ಸಮಸ್ಯೆ ಮುಗಿಯಿತು ಅಂದುಕೊಂಡಿದ್ದೆ. "ಚಟ್ನಿ ಎರಡನೇ ಸಲ ಕೇಳುವುದಾದರೂ ಹೇಗೆ?" ಎಂದು ಅಪ್ಪ ಇಳಿದುಬಿಟ್ಟರು. ಚಟ್ನಿಯ ವಿಷಯದಲ್ಲಿ ಅವರದು ನ್ಯಾಯವೇ.

ಕೂತು ತಿನ್ನಲು ಗಾಂಧಿಬಜಾರಿನ ವಿದ್ಯಾರ್ಥಿ ಭವನ, ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಮೊದಲನೆಯದು 1943ರದು, ಶುಕ್ರವಾರ ರಜೆ. ಅಲ್ಲಿನ ಮಸಾಲೆ ದೋಸೆ ದಪ್ಪ, ಅಂಚು ಗರಿಗರಿ. ಕಟ್ಟಿಸಿದ ಹಲ್ಲಿನವರು ಅಂಚನ್ನು ಸಾಗುವಿನಲ್ಲೋ ಚಟ್ನಿಯಲ್ಲೋ ಅದ್ದಿ ನೆನೆಸಿಕೊಳ್ಳಬೇಕಾಗುತ್ತದೆ. ವಾರಾಂತ್ಯದ ಬೆಳಿಗ್ಗೆ ಕಾಯುವವರ ಪಟ್ಟಿ ಉದ್ದವಾದ್ದರಿಂದ ವಾರದ ದಿನದ ಮಧ್ಯಾಹ್ನವನ್ನು ಆರಿಸಿಕೊಳ್ಳಿ. ಎಂ.ಟಿ.ಆರ್. 1924ರದು, ಸೋಮವಾರ ರಜೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಹಾಗೆ ರವೆ ಇಡ್ಲಿ ಹುಟ್ಟಿತು ಎಂಬ ಕಥೆ ಇಲ್ಲಿನದು. ಹಲ್ಲಿಲ್ಲದವರಿಗೆ ಯುದ್ಧದಿಂದ ಆದ ಏಕೈಕ ಉಪಕಾರ ಎಂದರೆ ಈ ಇಡ್ಲಿ. ಮಧ್ಯಾಹ್ನದ ಊಟಕ್ಕೆ ಹೋಗುವುದಾದರೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಬಡಿಸುವ ಪದಾರ್ಥಗಳ ಸಾಲು ಉದ್ದ, ಅಷ್ಟನ್ನೂ ತಿನ್ನಲೇಬೇಕೆಂಬ ಹಳೆಯ ಕಾಲದವರ ಸಂಕೋಚವೂ ಉದ್ದ. ಅದಾದ ಮೇಲೆ ಮೂರೂವರೆಯ ನಾಟಕಕ್ಕೆ ಹೋದರೆ ಗೊರಕೆ ಗ್ಯಾರಂಟಿ. ಆ ಎರಡನ್ನು ಒಂದೇ ದಿನ ಇಡಬೇಡಿ.

ಉಳಿಯಲು ಬಸವನಗುಡಿ ಅಥವಾ ಜಯನಗರ. ಹಸಿರು ಮಾರ್ಗದ ಮೆಟ್ರೊ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಜಯನಗರ, ಜೆ.ಪಿ. ನಗರ ನಿಲ್ದಾಣಗಳನ್ನು ಒಂದೇ ದಾರದಲ್ಲಿ ಪೋಣಿಸುತ್ತದೆ, ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ನಿಲ್ದಾಣದಿಂದ ಕೊನೆಯ ಒಂದೆರಡು ಕಿಲೋಮೀಟರಿಗೆ ಆಟೋ. ವೈಟ್‌ಫೀಲ್ಡಿನಲ್ಲಿರುವ ನೆಂಟರ ಮನೆಯಲ್ಲಿ ಉಳಿದು ಜೆ.ಪಿ. ನಗರದ ನಾಟಕಕ್ಕೆ ಹೋಗುವ ಯೋಜನೆ ಹಾಕಿದವರನ್ನು ನಾನು ಪ್ರೀತಿಯಿಂದ ತಡೆಯುತ್ತೇನೆ.

ಮೈಸೂರು

ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರು, ರೈಲಿನಲ್ಲಿ ಎರಡರಿಂದ ಮೂರು ಗಂಟೆ. ಕಾರಿನಲ್ಲಿ ಹೋಗುವವರಿಗೆ ಒಂದು ಮಾತು: 2023ರಲ್ಲಿ ತೆರೆದ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬಳಸಿಕೊಂಡು ಹೋಗುತ್ತದೆ. ಬೇಗ ಮುಟ್ಟುತ್ತೀರಿ ನಿಜ, ಆದರೆ ಮದ್ದೂರು ವಡೆಯ ಊರೂ ಜಾನಪದ ಲೋಕವೂ ಹಳೆಯ ರಸ್ತೆಯಲ್ಲೇ ಉಳಿದವು. ಹಿರಿಯರಿಗೆ ಒಂದೂವರೆ ಗಂಟೆಗೊಮ್ಮೆ ಇಳಿದು ಕಾಲು ಚಾಚಲೇಬೇಕು, ಹಾಗಾಗಿ ನಾವು ಹಳೆಯ ರಸ್ತೆಯಲ್ಲೇ ಹೋಗುತ್ತೇವೆ. ವಡೆ ಒಂದು ನೆವ.

ಮೈಸೂರಿನ ಬಲವೆಂದರೆ ದೂರಗಳು ಚಿಕ್ಕವು. ನಾಟಕ ಮುಗಿದ ಹದಿನೈದು ನಿಮಿಷಕ್ಕೆ ತಟ್ಟೆಯ ಮುಂದೆ ಕೂರಬಹುದು. ಕಲಾಮಂದಿರದ ಆವರಣದಲ್ಲಿರುವ ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ನಿರ್ದೇಶಕತ್ವದಲ್ಲಿ ಶುರುವಾದ ಸರ್ಕಾರಿ ರೆಪರ್ಟರಿ. ಸಂಬಳ ಪಡೆದು ನಾಟಕವನ್ನೇ ಉಸಿರಾಡುವ ಕಲಾವಿದರ ತಂಡ ಕನ್ನಡದಲ್ಲಿ ಇರುವುದೇ ಅಪರೂಪ. ಒಳಗಿನ ಭೂಮಿಗೀತ ಚಿಕ್ಕ, ಆಪ್ತ ರಂಗಮಂದಿರ. ವಾರಾಂತ್ಯದ ಪ್ರದರ್ಶನ, ಹೆಚ್ಚಾಗಿ ಭಾನುವಾರ ಸಂಜೆ ಆರೂವರೆಗೆ. ಮರಗಳ ನಡುವಿನ ಬಯಲು ರಂಗ ವನರಂಗ ಕಣ್ಣಿಗೆ ಹಬ್ಬ, ಕಾಲಿಗೆ ಸೊಳ್ಳೆ. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ನಾಲ್ಕೈದು ಭಾಷೆಯ ನಾಟಕಗಳು ಒಂದೇ ಆವರಣದಲ್ಲಿ ಸಿಗುತ್ತವೆ, ತಿಂಡಿ ಮಳಿಗೆಗಳೂ ಇರುತ್ತವೆ. ಆದರೆ ಜನಜಂಗುಳಿಯಲ್ಲಿ ಸೀಟಿಗಾಗಿ ಬೇಗ ಹೋಗಿ ಕಾಯಬೇಕು, ಚಳಿಯೂ ಇರುತ್ತದೆ. ಗಟ್ಟಿ ಮೈಯ ಹಿರಿಯರಿಗೆ ಬಹುರೂಪಿ, ಉಳಿದವರಿಗೆ ಸಾಮಾನ್ಯ ಭಾನುವಾರ. ರಾಮಕೃಷ್ಣನಗರದಲ್ಲಿ ಮಂಡ್ಯ ರಮೇಶ್ ಅವರ ನಟನ ರಂಗಮಂದಿರವೂ ಇದೆ. ರಂಗಾಯಣದಲ್ಲಿ ಆಟವಿಲ್ಲದ ವಾರ ಅಲ್ಲಿ ವಿಚಾರಿಸಿ.

ಆರೂವರೆ ಎಂಬುದು ಏಳೂವರೆಗಿಂತ ಸ್ವಲ್ಪ ಮೇಲು, ಪೂರ್ತಿ ಪರಿಹಾರವಲ್ಲ. ನಾವು ಐದೂವರೆಗೆ ಉಪ್ಪಿಟ್ಟಿನಷ್ಟು ಗಟ್ಟಿಯಾದದ್ದನ್ನು ತಿಂದು, ಎಂಟೂಕಾಲಿಗೆ ಹಗುರವಾಗಿ ಉಣ್ಣುತ್ತೇವೆ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಹೊತ್ತು ಸರಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲೇಬೇಕು. ಈಚಿನ ನಾಟಕಗಳು ಹಲವು ಒಂದೂವರೆ ಗಂಟೆಯವು, ವಿರಾಮವೇ ಇಲ್ಲದವು. ಟಿಕೆಟ್ ಕೊಳ್ಳುವಾಗ ಅವಧಿ ಎಷ್ಟು, ವಿರಾಮ ಇದೆಯೇ ಎಂದು ಕೇಳಿದರೆ ನೀರಿನ ಮಾತ್ರೆ ನುಂಗುವವರ ಅರ್ಧ ಆತಂಕ ಕಳೆಯುತ್ತದೆ. ಸಾಲಿನ ತುದಿಯ ಸೀಟು ಹಿಡಿದರೆ ಉಳಿದರ್ಧವೂ.

ಭಾನುವಾರ ಮೈಸೂರಿನಲ್ಲಿ ಇನ್ನೊಂದು ಇಕ್ಕಟ್ಟಿದೆ. ಅರಮನೆಯ ದೀಪಗಳು ಬೆಳಗುವುದೂ ಭಾನುವಾರ ಸಂಜೆ ಏಳರ ಹೊತ್ತಿಗೇ, ಮುಕ್ಕಾಲು ಗಂಟೆಯಷ್ಟು. ನಾಟಕವೂ ಬೇಕು ದೀಪವೂ ಬೇಕು ಎಂದರೆ ಆಗುವುದಿಲ್ಲ. ಸಾರ್ವಜನಿಕ ರಜಾದಿನಗಳಲ್ಲೂ ದೀಪ ಹಾಕುತ್ತಾರಾದ್ದರಿಂದ ಭಾನುವಾರಕ್ಕೆ ಅಂಟಿಕೊಂಡು ರಜೆ ಬರುವ ವಾರವನ್ನು ಹುಡುಕಿದರೆ ಎರಡೂ ಸಿಗುತ್ತವೆ. ಅಂಥ ವಾರ ಇಡೀ ಬೆಂಗಳೂರು ಮೈಸೂರಿಗೆ ಬಂದಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಪ್ಪನನ್ನು ಕೇಳಿದೆ. "ದೀಪ ಶಿವಮೊಗ್ಗದ ಮದುವೆ ಮನೆಯಲ್ಲೂ ಇರುತ್ತದೆ" ಎಂದರು.

ತಿನ್ನುವ ವಿಷಯದಲ್ಲಿ ಹಲ್ಲಿಲ್ಲದವರ ರಾಜಧಾನಿ ಎಂದರೆ ಮೈಸೂರು. ನಜರಬಾದಿನ ಮೈಲಾರಿ ಹೋಟೆಲಿನ ದೋಸೆ ಹತ್ತಿಯಂತೆ ಮೆತ್ತಗೆ, ಬೆಣ್ಣೆ ಮೇಲೆ ಕರಗುತ್ತಿರುತ್ತದೆ, ಅಗಿಯುವ ಕೆಲಸವೇ ಇಲ್ಲ. ಒಂದೇ ಹೆಸರಿನ ಎರಡು ಅಂಗಡಿಗಳಿವೆ, ಎರಡೂ ತಾವೇ ಮೂಲ ಎನ್ನುತ್ತವೆ. ಮೂಲ ಯಾವುದು ಎಂಬ ಸಂಶೋಧನೆಯನ್ನು ಬಿಟ್ಟು, ಕುರ್ಚಿ ಖಾಲಿ ಇರುವ ಕಡೆ ಕೂರಿ. ಜಾಗ ಇಕ್ಕಟ್ಟು, ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಗಾಂಧಿ ವೃತ್ತದ ಆರ್.ಆರ್.ಆರ್. ಹೋಟೆಲಿನಲ್ಲಿ ಬಾಳೆಲೆಯ ಮೇಲೆ ಆಂಧ್ರ ಊಟ, ಖಾರ ತಾಳುವ ಹೊಟ್ಟೆ ಬೇಕು. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸ್‌ನವರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಪಾಕ್ ಮಾಡಿದವರು ಅವರೇ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಒಂದು ತುಂಡು ಎಂದು ಕಟ್ಟುನಿಟ್ಟು ಮಾಡಿದ್ದೆ. ಅಪ್ಪ ಒಂದೇ ತುಂಡು ತೆಗೆದುಕೊಂಡರು, ಅಂಗಡಿಯವರಲ್ಲಿ ಕೇಳಿ ದೊಡ್ಡದನ್ನು.

ಬೆಂಗಳೂರಿನ ಮೂರೂವರೆಯ ಆಟ ಮೈಸೂರಿನಲ್ಲಿ ಸಿಕ್ಕಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆಯ್ಕೆ ಕಡಿಮೆ ಎಂಬುದೇ ಮೈಸೂರಿನ ಕೊರತೆ. ಆ ವಾರ ರಂಗಾಯಣದಲ್ಲಿ ಆಡುವ ನಾಟಕ ನಿಮ್ಮವರಿಗೆ ಹಿಡಿಸದಿದ್ದರೆ ಬದಲಿಗೆ ಇನ್ನೊಂದು ಸಿಗುವುದು ಖಾತ್ರಿಯಿಲ್ಲ. ಟಿಕೆಟ್ಟು ಮಾತ್ರ ಬೆಂಗಳೂರಿಗಿಂತ ಅಗ್ಗ.

ಮುಂಬೈ

ಕನ್ನಡದ ನಾಟಕಕ್ಕೆ ಮುಂಬೈ ಯಾಕೆ ಎಂದು ಕೇಳಬಹುದು. ಕನ್ನಡದ ಊಟಕ್ಕೆ ಎಂದು ಮೊದಲ ಉತ್ತರ. ಮಾಟುಂಗದಲ್ಲಿ ಬೆಳಿಗ್ಗೆ ಇಳಿದರೆ ಮಲ್ಲಿಗೆ ಮಾರುವವರು, ಫಿಲ್ಟರ್ ಕಾಫಿಯ ವಾಸನೆ, ಉಡುಪಿ ಮಂಗಳೂರಿನ ಮಾತು. ಮನೆಯಿಂದ ನೂರಾರು ಕಿಲೋಮೀಟರು ದೂರ ಬಂದ ಮೇಲೂ ಅಪ್ಪನಿಗೆ ಸಾರು ಸಿಕ್ಕಿತು. ರೈಲು ನಿಲ್ದಾಣದ ಹೊರಗಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಬಡಿಸುತ್ತಿದೆ. ಎಲೆ, ಅನ್ನ, ಸಾರು, ಪಲ್ಯ, ಮಜ್ಜಿಗೆ, ಕೇಳಿದಷ್ಟು. ಆದರೆ ಊಟದ ಸಾಲೆ ಮೊದಲ ಮಹಡಿಯಲ್ಲಿದೆ. ನಾವು ಅರ್ಧ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡು ಹತ್ತಿದೆವು. ಹತ್ತಲಾಗದವರಿಗೆ ಕಿಂಗ್ಸ್ ಸರ್ಕಲ್ ಕಡೆಯ ಕೆಫೆ ಮದ್ರಾಸ್, ಕೆಫೆ ಮೈಸೂರ್ ಇವೆ, ನೆಲಮಟ್ಟದಲ್ಲೇ. ಭಾನುವಾರ ಬೆಳಿಗ್ಗೆ ಕೆಫೆ ಮದ್ರಾಸಿನ ಮುಂದೆ ಫುಟ್‌ಪಾತಿನ ತುಂಬ ಜನ ಕಾಯುತ್ತಿರುತ್ತಾರೆ, ಆ ದಿನ ಬಿಡಿ.

ಎರಡನೆಯ ಉತ್ತರ ಮರಾಠಿ ನಾಟಕ. ಬೆಳಗಾವಿ, ಧಾರವಾಡ, ಬೀದರ ಕಡೆಯ ಹಿರಿಯರಲ್ಲಿ ಮರಾಠಿ ತಿಳಿಯುವವರು ಬಹಳ. ಅಂಥವರಿಗೆ ಮುಂಬೈ ಸ್ವರ್ಗ, ಏಕೆಂದರೆ ಮರಾಠಿ ವೃತ್ತಿಪರ ರಂಗಭೂಮಿ ವಾರಾಂತ್ಯದಲ್ಲಿ ಬೆಳಿಗ್ಗೆಯೂ ಮಧ್ಯಾಹ್ನವೂ ಆಟ ಇಡುತ್ತದೆ. ದಾದರಿನ ಶಿವಾಜಿ ಮಂದಿರದಲ್ಲೋ ಮಾಟುಂಗದ ಯಶವಂತ ನಾಟ್ಯ ಮಂದಿರದಲ್ಲೋ ನಾಲ್ಕು ಗಂಟೆಯ ಆಟಕ್ಕೆ ಹೋದರೆ ಅರ್ಧದಷ್ಟು ಪ್ರೇಕ್ಷಕರು ನಿಮ್ಮ ತಂದೆಯ ವಯಸ್ಸಿನವರೇ. ವಿರಾಮದಲ್ಲಿ ಬಟಾಟೆ ವಡೆ ಮತ್ತು ಚಹಾ. ವಡೆ ತಿನ್ನದಿದ್ದರೆ ನಾಟಕ ನೋಡಿದಂತಲ್ಲ ಎಂದು ಅಲ್ಲಿಯವರು ಭಾವಿಸಿದಂತಿದೆ. ಏಳೂವರೆಯ ಗಂಟನ್ನು ಮರಾಠಿಗರು ನೂರು ವರ್ಷ ಅನುಭವವಿರುವ ಅಜ್ಜಿಯ ಹಾಗೆ ಬಿಡಿಸಿಟ್ಟಿದ್ದಾರೆ.

ಅಪ್ಪನಿಗೆ ಮರಾಠಿ ಅಷ್ಟಕ್ಕಷ್ಟೇ. ಆದರೂ ಹಟ ಮಾಡಿ ಬಂದರು, ಕಾರಣವಿತ್ತು. ಕರ್ನಾಟಕದ ಕಡೆಯಿಂದ ಹೋದ ಭಾಗವತರ ಆಟವನ್ನು ನೋಡಿದ ಸಾಂಗ್ಲಿಯ ದೊರೆ ಅಂಥದ್ದೇ ಒಂದನ್ನು ಮರಾಠಿಯಲ್ಲಿ ಮಾಡು ಎಂದು ವಿಷ್ಣುದಾಸ ಭಾವೆಗೆ ಹೇಳಿದ್ದು, 1843ರಲ್ಲಿ ಅವರು ಆಡಿಸಿದ ಆಟದಿಂದ ಮರಾಠಿ ರಂಗಭೂಮಿ ಶುರುವಾಯಿತು ಎನ್ನುವುದು, ಆಮೇಲೆ ಅದೇ ಮರಾಠಿ ಕಂಪನಿಗಳ ಅಬ್ಬರಕ್ಕೆ ಎದುರಾಗಿ ಗದುಗಿನಲ್ಲಿ ಶಾಂತಕವಿಗಳು ಕನ್ನಡದ ಕಂಪನಿ ಕಟ್ಟಿದ್ದು. "ನಮ್ಮ ಸಾಲ ಅವರ ಹತ್ತಿರ, ಅವರ ಸಾಲ ನಮ್ಮ ಹತ್ತಿರ" ಎಂದು ಟ್ಯಾಕ್ಸಿಯಲ್ಲಿ ಪಾಠ ಮಾಡಿದರು. ಚಾಲಕ ಜೌನಪುರದವನು, ತಲೆಯಾಡಿಸುತ್ತಲೇ ಇದ್ದ.

ಕನ್ನಡ ನಾಟಕವೂ ಇಲ್ಲವೆಂದಲ್ಲ. ಕರ್ನಾಟಕ ಸಂಘದ ಡಾ. ವಿಶ್ವೇಶ್ವರಯ್ಯ ಸ್ಮಾರಕ ರಂಗಮಂದಿರ, ಮಾಟುಂಗದ ಮೈಸೂರು ಅಸೋಸಿಯೇಷನ್ ಎರಡರಲ್ಲೂ ಕನ್ನಡದ ಕಾರ್ಯಕ್ರಮಗಳು ನಡೆಯುತ್ತವೆ. ಯಾವ ವಾರ ಏನು ಎಂದು ಫೋನು ಮಾಡಿ ಕೇಳಬೇಕು. ಹಿಂದಿ, ಇಂಗ್ಲಿಷ್ ನಾಟಕಗಳಿಗೆ ಎರಡು ಜಾಗ. ಜುಹುವಿನ ಪೃಥ್ವಿ 1978ರದು, 200ರಷ್ಟು ಸೀಟಿನ, ಮೂರು ಕಡೆ ಪ್ರೇಕ್ಷಕರು ಸುತ್ತುವರಿದ ರಂಗ. ನಾಟಕಪ್ರಿಯರಿಗೆ ಗುಡಿಯಂತೆ. ಆದರೆ ಸೀಟುಗಳು ಮೆಟ್ಟಿಲಂತೆ, ವಾರದ ದಿನಗಳಲ್ಲಿ ಆಟ ರಾತ್ರಿ ತಡ, ಮಾಟುಂಗದಿಂದ ಸಂಜೆಯ ರಸ್ತೆಯಲ್ಲಿ ಹೋಗುವುದೇ ಒಂದು ಅಂಕ. ನರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರ ತದ್ವಿರುದ್ಧ. ಅಗಲ ಕುರ್ಚಿ, ಎದುರಿಗೇ ಸಮುದ್ರ, ನಾಟಕಕ್ಕೆ ಮುಂಚೆ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಅರ್ಧ ಗಂಟೆ ಕೂರಬಹುದು. ಅಪ್ಪನಿಗೆ ನಾಟಕದಷ್ಟೇ ಆ ಕಟ್ಟೆಯೂ ಇಷ್ಟವಾಯಿತು.

ಮುಂಬೈಗೆ ಮೂರು ರಾತ್ರಿಯಾದರೂ ಬೇಕು. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿರ ಹತ್ತಿರ ಒಂದು ಹಗಲು ಒಂದು ರಾತ್ರಿ ತೆಗೆದುಕೊಳ್ಳುತ್ತದೆ. ರೈಲಿನಲ್ಲಿ ಹಿರಿಯರಿಗಿದ್ದ ದರದ ರಿಯಾಯಿತಿ 2020ರಲ್ಲಿ ನಿಂತುಹೋಯಿತು, ಕೆಳಗಿನ ಬರ್ತ್‌ನ ಕೋಟಾ ಮಾತ್ರ ಉಳಿದಿದೆ, ಟಿಕೆಟ್ ಕಾಯ್ದಿರಿಸುವಾಗ ಅದನ್ನು ಆರಿಸಲು ಮರೆಯಬೇಡಿ. ನಾವು ಹೋಗುವಾಗ ವಿಮಾನ, ಬರುವಾಗ ರೈಲು. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯನ್ನು ಮೊದಲೇ ಕೇಳಿಕೊಂಡಿದ್ದೆ. "ನಾನೇನು ರೋಗಿಯೇ?" ಎಂದು ಅಪ್ಪ ಅದರಲ್ಲಿ ಕೂರಲು ಒಪ್ಪಲಿಲ್ಲ, ಸರದಿಯ ಉದ್ದ ನೋಡಿದ ಮೇಲೆ ಒಪ್ಪಿದರು. ಜೂನಿನಿಂದ ಸೆಪ್ಟೆಂಬರಿನವರೆಗೆ ಹೋಗಬೇಡಿ, ಮಳೆಗೆ ಸಿಕ್ಕಿದ ಮುಂಬೈಯಲ್ಲಿ ನಾಟಕವನ್ನು ಲಾಡ್ಜಿನ ಕಿಟಕಿಯಿಂದ ನೋಡಬೇಕಾಗುತ್ತದೆ. ಖರ್ಚು ಮೈಸೂರಿನ ಎರಡು ಪಟ್ಟಿಗೂ ಹೆಚ್ಚು, ಅದರಲ್ಲಿ ಕೋಣೆಯ ಬಾಡಿಗೆಯೇ ಹೆಚ್ಚಿನ ಪಾಲು.

ಧಾರವಾಡ ಮತ್ತು ಉಳಿದವು

ಧಾರವಾಡವನ್ನು ಅಂಚಿನಲ್ಲಿಟ್ಟದ್ದು ಅದು ಕಡಿಮೆ ಎಂದಲ್ಲ. ಅಲ್ಲಿಯೂ ರಂಗಾಯಣವಿದೆ, ಸೃಜನಾ ರಂಗಮಂದಿರವಿದೆ, ಮಲ್ಲಿಕಾರ್ಜುನ ಮನ್ಸೂರರ ಹೆಸರಿನ ಕಲಾಭವನವಿದೆ. ಆದರೆ ನೀವು ಹೋದ ವಾರ ನಾಟಕ ಇರುತ್ತದೆ ಎಂಬ ಭರವಸೆ ಬೆಂಗಳೂರಿನಷ್ಟು ಇಲ್ಲ. ನಾಟಕವಿಲ್ಲದಿದ್ದರೆ ಸಂಗೀತ ಕಛೇರಿಯಾದರೂ ಸಾಕು ಎನ್ನುವವರು ಕಣ್ಣು ಮುಚ್ಚಿ ಹೋಗಬಹುದು. ಖಾನಾವಳಿಯಲ್ಲಿ ಖಡಕ್ ರೊಟ್ಟಿಯನ್ನು ಕಟ್ಟಿಸಿದ ಹಲ್ಲಿನಿಂದ ದೂರವಿಡಿ, ಬಿಸಿ ರೊಟ್ಟಿಯನ್ನು ಕೇಳಿ ಪಡೆಯಿರಿ. ಪೇಡೆ ಊರಿಗೆ ಬಂದ ಮೇಲೆ.

ಸಾಗರದ ಹತ್ತಿರದ ಹೆಗ್ಗೋಡು ನಗರವಲ್ಲ, ಹೋಟೆಲುಗಳ ಊರೂ ಅಲ್ಲ. 1949ರಲ್ಲಿ ಅಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಂ ಊರೂರು ಸುತ್ತುವ ತನ್ನ ತಿರುಗಾಟ ತಂಡವನ್ನು ನಿಮ್ಮ ಊರಿಗೇ ಕಳುಹಿಸುವುದಾದರೆ ಅಪ್ಪ ಅಮ್ಮನನ್ನು ಅಲ್ಲಿಯವರೆಗೆ ಕರೆದೊಯ್ಯುವ ಶ್ರಮ ಯಾಕೆ ಎಂದು ಶಿವಮೊಗ್ಗದವಳಾದ ನಾನು ಹೇಳಿದರೆ ಸಾಗರದವರು ಬೈಯುತ್ತಾರ‍ೆ. ಕಂಪನಿ ನಾಟಕವೇ ಬೇಕು, ಝಗಮಗಿಸುವ ಪರದೆ, ಹಾರ್ಮೋನಿಯಂ, ನಗಿಸುವ ಖಳನಾಯಕ ಎಲ್ಲ ಬೇಕು ಎನ್ನುವವರಿಗೆ ಜನವರಿಯ ಹೊತ್ತಿಗೆ ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ. ಹಲವು ಕಂಪನಿಗಳು ಒಂದೇ ಬಯಲಿನಲ್ಲಿ ಬೀಡು ಬಿಟ್ಟಿರುತ್ತವೆ. ಆಟ ರಾತ್ರಿ ಸರಿಯುವವರೆಗೂ ನಡೆಯುತ್ತದೆ, ದೂಳು ಇದೆ, ಶೌಚಾಲಯದ ಕಷ್ಟವಿದೆ. ನಾನಂತೂ ಕರೆದುಕೊಂಡು ಹೋಗುವ ಧೈರ್ಯ ಮಾಡಿಲ್ಲ.

ಯಾರಿಗೆ ಯಾವುದು

ಮೊದಲ ಸಲ ಹೊರಡುವವರಿಗೆ, ಎಂಬತ್ತು ಸಮೀಪಿಸಿದವರಿಗೆ, ಎರಡೇ ದಿನ ಇರುವವರಿಗೆ ನಾನು ಮೈಸೂರನ್ನೇ ಹೇಳುತ್ತೇನೆ, ಆ ಭಾನುವಾರದ ನಾಟಕ ಏನೆಂದು ಮೊದಲೇ ವಿಚಾರಿಸಿಕೊಂಡು. ಏನು ನೋಡಬೇಕೆಂಬುದರಲ್ಲಿ ಹಟವಿರುವವರಿಗೆ ಬೆಂಗಳೂರಿನ ಮೂರೂವರೆ. ಮರಾಠಿ ಬಲ್ಲವರಿಗೆ, ಅಥವಾ ಒಂದು ಕಾಲದಲ್ಲಿ ಮುಂಬೈಯಲ್ಲಿ ದುಡಿದು ಬಂದವರಿಗೆ ಮುಂಬೈ. ಎರಡನೆಯ ಬಗೆಯವರಿಗೆ ನಾಟಕ ನೆಪ, ಅವರಿಗೆ ಬೇಕಿರುವುದು ತಾವು ಇಳಿಯುತ್ತಿದ್ದ ಲೋಕಲ್ ರೈಲಿನ ನಿಲ್ದಾಣ. ಕನ್ನಡ ಬಿಟ್ಟು ಬೇರೆ ಭಾಷೆಯ ಮಾತು ಅರ್ಥವಾಗದ, ಮೆಟ್ಟಿಲು ಹತ್ತಲಾಗದ ಹಿರಿಯರಿಗೆ ಮುಂಬೈ ಬೇಡ.

ಕೆ.ಎಸ್.ಆರ್.ಟಿ.ಸಿ.ಯಲ್ಲಿ ಅರವತ್ತು ದಾಟಿದವರಿಗೆ 25 ಶೇಕಡಾ ರಿಯಾಯಿತಿ ಇದೆ, ಐಷಾರಾಮಿ ಬಸ್ಸುಗಳಲ್ಲಿ ಇಲ್ಲ. ಅಮ್ಮಂದಿರಿಗಾದರೆ 2023ರಿಂದ ಸಾಮಾನ್ಯ ಬಸ್ಸು ಉಚಿತ. ಆದರೂ ಸಾಧ್ಯವಾದಷ್ಟು ರೈಲನ್ನೇ ಹಿಡಿಯಿರಿ, ಅದರಲ್ಲಿ ಶೌಚಾಲಯವಿದೆ, ನಡೆದಾಡಲು ಜಾಗವಿದೆ.

ಕಳೆದ ತಿಂಗಳು ನಾನೂ ಅಪ್ಪನೂ ಮುಂದಿನ ಪ್ರಯಾಣದ ಬಗ್ಗೆ ಕೂತಿದ್ದೆವು. ಮೂರು ಊರುಗಳ ಹೆಸರು, ಹೊತ್ತು, ಮೆಟ್ಟಿಲುಗಳ ಲೆಕ್ಕ ಬರೆದ ಹಾಳೆಯನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವಂತೆ ಓದಿದರು. ಕೊನೆಗೆ ಬೆಂಗಳೂರಿನ ಎದುರು ಕೆಂಪು ಪೆನ್ನಿನಲ್ಲಿ ಒಂದು ಗುರುತು ಹಾಕಿ, ಪಕ್ಕದಲ್ಲಿ ಬರೆದರು: "ಆ ದೋಸೆ ಬಾಕಿ ಇದೆ."